ನವಮಿಗೊಂದು ಹೊಸ ಫಿಲ್ಟರ್

ಕೊರೋನಾ ಗಲಾಟೆ ಪೂರ್ತಿ ತಣ್ಣಗಾದ ಮೇಲೆ ಬಂದ ಮೊದಲ ದಸರಾ ಅದು. ಯಾರ ಮನೆಗೂ ಯಾರೂ ಹೋಗದೆ ಬೇಸತ್ತಿದ್ದ ನಮಗೆ ಆ ಸಲದ ಹಬ್ಬಕ್ಕೆ ಎಲ್ಲಿಲ್ಲದ ಹುರುಪು. ನಾನು ಅಂಕೋಲಾದ ಒಂದು ಶಾಲೆಯಲ್ಲಿ ಟೀಚರ್. ಮನೆ ಅಮದಳ್ಳಿಯಲ್ಲಿ. ಮನೆಯಲ್ಲಿ ಮಾವ, ಅತ್ತೆ, ಕಾರವಾರದಲ್ಲಿ ನೌಕರಿ ಮಾಡುವ ನಮ್ಮವರು, ನಾನು ಮತ್ತು ಒಂದು ಹಳೆಯ ಕೆಂಪು ಕಾರು. ಕಾರನ್ನು ಮನೆಯವರ ಲೆಕ್ಕದಲ್ಲಿ ಸೇರಿಸಿದ್ದು ತಮಾಷೆಗಲ್ಲ. ಮಾವ ಅದನ್ನು ಹಾಗೆಯೇ ನೋಡಿಕೊಳ್ಳುತ್ತಿದ್ದರು.

ಮಾವ ಸರಕಾರಿ ಜೀಪಿನ ಡ್ರೈವರ್ ಆಗಿ ನಿವೃತ್ತರಾದವರು. ಆಮೇಲೆ ಗದ್ದೆ ನೋಡಿಕೊಂಡು ಇದ್ದರು. ನನಗೆ ಕಾರು ಕಲಿಸಿದ್ದೂ ಅವರೇ. ಮದುವೆಯಾಗಿ ಬಂದ ಹೊಸದರಲ್ಲಿ ಕ್ಲಚ್ಚು ಯಾವುದು ಬ್ರೇಕು ಯಾವುದು ಗೊತ್ತಿಲ್ಲದ ನನ್ನನ್ನು ಪಕ್ಕದಲ್ಲಿ ಕೂತು ಅಂಕೋಲಾವರೆಗೆ ಓಡಿಸಿಕೊಂಡು ಹೋಗಿದ್ದರು. ನಾನು ಅವರ್ಸಾದಲ್ಲಿ ಒಂದು ಕೋಳಿಯನ್ನು ಹೆದರಿಸಿ ಮರ ಹತ್ತಿಸಿದಾಗಲೂ ಒಂದು ಮಾತು ಬೈದಿರಲಿಲ್ಲ.

ಅವರದೊಂದು ಪದ್ಧತಿ ಇತ್ತು. ಮಳೆಗಾಲಕ್ಕೆ ಮೊದಲು ಕಾರಿನ ಎಂಜಿನ್ ಆಯಿಲ್ ಪೂರ್ತಿ ಬದಲಿಸುವುದು. ಆಮೇಲೆ ಮಳೆ ಮುಗಿದು ನವಮಿ ಬಂದಾಗ, ಆಯಿಲ್ ಹಾಗೆಯೇ ಬಿಟ್ಟು ಅದರ ಫಿಲ್ಟರ್ ಒಂದನ್ನೇ ತೆಗೆದು ಹೊಸದು ಹಾಕುವುದು. ಫಿಲ್ಟರ್ ಜೊತೆ ಒಂದಿಷ್ಟು ಎಣ್ಣೆ ಹೊರಗೆ ಬರುತ್ತದಲ್ಲ, ಅಷ್ಟನ್ನೇ ಹೊಸದಾಗಿ ಸುರಿದು ಭರ್ತಿ ಮಾಡುವುದು. ಹಬ್ಬಕ್ಕೆ ನಮಗೆಲ್ಲ ಹೊಸ ಬಟ್ಟೆ ಬಂದ ಹಾಗೆ ಕಾರಿಗೂ ಒಂದು ಹೊಸದು.

"ಅಪ್ಪಾ, ಕಂಪನಿಯವ್ರೇ ಹೀಂಗೆ ಮಾಡೂಕೆ ಹೇಳೂದಿಲ್ಲ. ನಿಂಗೆಂತಕೆ ಇದು?" ಎಂದು ನಮ್ಮವರು ಪ್ರತಿ ವರ್ಷ ಕೇಳುತ್ತಿದ್ದರು.

"ಎಣ್ಣೆ ಇನ್ನೂ ಚಲೋ ಉಂಟು ಮಾರಾಯ. ಸೋಸೂದು ತುಂಬಿರ್ತದೆ. ಹಾಲು ಚಲೋ ಉಂಟು ಅಂದೇಳಿ ನಿನ್ನ ಆಯಿ ಸೋಸೂ ಬಟ್ಟೆ ತೊಳೀದೆ ಇಡ್ತಾಳಾ?" ಎಂದು ಮಾವನೂ ಪ್ರತಿ ವರ್ಷ ಅದನ್ನೇ ಹೇಳುತ್ತಿದ್ದರು.

ನವಮಿಯ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಅವರ ಕೆಲಸ ಶುರು. ಮುಂದಿನ ಎರಡು ಗಾಲಿಗಳನ್ನು ಚಿರೆಕಲ್ಲಿನ ಮೇಲೆ ಹತ್ತಿಸಿ, ಗೋಣಿ ಹಾಸಿ, ಕೆಳಗೆ ಒಂದು ಹಳೆಯ ಬಣ್ಣದ ಡಬ್ಬಿ ಇಟ್ಟುಕೊಂಡು ಮಲಗುತ್ತಿದ್ದರು. ಡಬ್ಬಿಗೆ ಇಳಿದ ಕಪ್ಪೆಣ್ಣೆ ಪಂಪ್ ಮನೆಯ ಬಾಗಿಲಿಗೆ, ಗೇಟಿನ ಕೀಲಿಗೆ. ಹೊಸ ಫಿಲ್ಟರಿನ ಬಾಯಿಗೆ ಒಂದು ರಬ್ಬರ್ ರಿಂಗ್ ಇರುತ್ತದೆ. ಅದಕ್ಕೆ ಬೆರಳಲ್ಲಿ ಎಣ್ಣೆ ಸವರಿ, ಕೈಯಲ್ಲೇ ತಿರುಗಿಸಿ ಕೂರಿಸುತ್ತಿದ್ದರು. ಕೊನೆಗೆ ಹೊಸ ಭತ್ತದ ಕದಿರನ್ನು ಬಾಗಿಲಿಗೆ ಕಟ್ಟುವಾಗ ಕಾರಿನ ಮುಂದಕ್ಕೂ ಒಂದು ಕದಿರು ಸಿಕ್ಕಿಸುತ್ತಿದ್ದರು. ಆ ಹೊತ್ತಿನಲ್ಲಿ ಅವರ ಮುಖ ನೋಡುವುದೇ ನನಗೊಂದು ಹಬ್ಬವಾಗಿತ್ತು.

ಆದರೆ ಆ ವರ್ಷ ಅವರ ಕಣ್ಣು ಮಂಜಾಗಿತ್ತು. ಕೇಳಿದರೆ ಒಪ್ಪುತ್ತಿರಲಿಲ್ಲ. ಚೌತಿಗೆ ಬಂದ ಸ್ವಂತ ಅಳಿಯನನ್ನು ಅಂಗಳದಲ್ಲಿ ನಿಲ್ಲಿಸಿ, "ಯಾರು ಬೇಕಾಗಿತ್ತು?" ಎಂದು ಕೇಳಿದ್ದರು. ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ನಮ್ಮವರು ಮಾತ್ರ ನಗಲಿಲ್ಲ.

"ಅಪ್ಪಾ, ಈ ಸಲ ಫಿಲ್ಟರ್ ಗಿಲ್ಟರ್ ಎಲ್ಲ ಬೇಡ. ಗ್ಯಾರೇಜಿಗೆ ಕೊಡ್ವ. ನಿಂಗೆ ಕಣ್ಣು ಕಾಣೂದಿಲ್ಲ, ನೀ ಒಂದು ಹೋಗಿ ಇನ್ನೊಂದು ಮಾಡಿಡ್ತೆ," ಎಂದುಬಿಟ್ಟರು.

ಮಾವ ಕಾರಿನ ಹತ್ತಿರ ಹೋಗಿ ಅದರ ಬಾನೆಟ್ ಮೇಲೆ ಕೈಯಿಟ್ಟರು. ಆಮೇಲೆ, "ಈ ಸಲ ಮಾಡ್ತೆ. ಸರಿ ಆಗ್ಲಿಲ್ಲ ಅಂದ್ರೆ ಮತ್ತೆ ಜನ್ಮದಲ್ಲಿ ಅದನ್ನ ಮುಟ್ಟೂದಿಲ್ಲ. ಆಯ್ತಲ?" ಎಂದರು.

"ಆಯ್ತು," ಎಂದರು ನಮ್ಮವರು. ಅಪ್ಪ ಮಗ ಇಬ್ಬರೂ ಹಟದಲ್ಲಿ ಒಬ್ಬರನ್ನೊಬ್ಬರು ಮೀರಿಸುವವರು.

ನವಮಿಯ ದಿನ ಮಾವ ಕಾರಿನ ಕೆಳಗೆ ಎಂದಿಗಿಂತ ಹೆಚ್ಚು ಹೊತ್ತು ಇದ್ದರು. ನಾನು ಒಳಗೆ ಕಡುಬಿಗೆ ಹಿಟ್ಟು ಕಲಸುತ್ತಿದ್ದೆ. ಅತ್ತೆ ಆಯುಧ ಪೂಜೆಗೆ ಮಣೆ ಹಾಕಿ ಕತ್ತಿ, ಗುದ್ದಲಿ, ಈಳಿಗೆ ಎಲ್ಲ ಜೋಡಿಸಿಟ್ಟು, "ಪಾನಾ ಚೀಲ ಕೊಡ್ತ್ರಾ ಇಲ್ಯಾ? ಹೊತ್ತು ಮೀರ್ತು," ಎಂದು ಕೂಗುತ್ತಲೇ ಇದ್ದರು. ಮಾವ ಅವಸರದಲ್ಲಿ ಎದ್ದು ಬಂದು ನಟ್ಟು ಬಿಚ್ಚುವ ಪಾನಾ, ಸ್ಕ್ರೂಡ್ರೈವರ್ ಎಲ್ಲ ಒರೆಸಿ ಕೊಟ್ಟರು. ಅವಕ್ಕೆ ಕುಂಕುಮ ಬಿತ್ತು, ಹೂ ಬಿತ್ತು. ನಮ್ಮ ಮನೆಯಲ್ಲಿ ಹಾಗೆ ಪೂಜೆಗೆ ಇಟ್ಟ ಆಯುಧಗಳನ್ನು ಮರುದಿನ ಸಂಜೆ ಪೂಜೆ ತೆಗೆಯುವವರೆಗೆ ಯಾರೂ ಮುಟ್ಟುವಂತಿಲ್ಲ. ಕಾರಿಗೂ ಪೂಜೆ ಆಗಿತ್ತಲ್ಲ, ಅದನ್ನು ಮಾತ್ರ ಓಡಿಸಬಹುದೇ ಎಂದು ಕೇಳಬೇಡಿ. ಅದಕ್ಕೆ ಅತ್ತೆಯ ಹತ್ತಿರ ಬೇರೆ ಕಾನೂನು ಇತ್ತು.

ನಿಂಬೆಹಣ್ಣಿನ ಮೇಲೆ ಗಾಲಿ ಹತ್ತಿಸಲು ಕಾರು ಮುಂದೆ ತೆಗೆದಾಗ ಅಂಗಳದಲ್ಲಿ ಒಂದೆರಡು ಹನಿ ಎಣ್ಣೆ ಕಂಡಿತು. ಮಾವನಿಗೆ ಕಾಣಲಿಲ್ಲ, ನಾನು ತೋರಿಸಿದೆ. ಅವರು ಬಗ್ಗಿ ಬೆರಳು ಹಚ್ಚಿ ಮೂಸಿ ನೋಡಿ, "ತೆಗೂವಾಗ ಚೆಲ್ಲಿದ್ದು ಇರ್ಬೇಕು," ಎಂದರು. ಆದರೂ ಸಮಾಧಾನ ಆದ ಹಾಗೆ ಕಾಣಲಿಲ್ಲ. ಒಮ್ಮೆ ದೇವರ ಕೋಣೆಯ ಕಡೆ ನೋಡಿದರು. ಪಾನಾಗಳೆಲ್ಲ ಹೂವಿನ ಅಡಿಯಲ್ಲಿ ಮಲಗಿದ್ದವು. "ನಾಳೆ ಸಂಜೆ ತೆಗೆದ್ಮೇಲೆ ನೋಡ್ತೆ," ಎಂದು ಸುಮ್ಮನಾದರು.

ಮರುದಿನ ದಶಮಿ. ಸುಂಕಸಾಳದಲ್ಲಿರುವ ಮಾವನ ತಂಗಿಯ ಮನೆಗೆ ಬನ್ನಿ ಕೊಟ್ಟು ಬರಲು ನಾನೂ ಮಾವನೂ ಹೊರಟೆವು. ನಮ್ಮವರಿಗೆ ಡ್ಯೂಟಿ ಇತ್ತು. ಅಂಕೋಲಾ ದಾಟಿ ಬಾಳೆಗುಳಿ ಕ್ರಾಸಿನಲ್ಲಿ ಯಲ್ಲಾಪುರದ ರಸ್ತೆಗೆ ತಿರುಗಿದೆವು. ರಸ್ತೆ ಖಾಲಿ ಇತ್ತು, ಎರಡೂ ಬದಿ ಕಾಡು. ನಾನು ಸ್ವಲ್ಪ ಜೋರಾಗಿಯೇ ಓಡಿಸುತ್ತಿದ್ದೆ.

ಹಿಂದಿನಿಂದ ಒಂದು ಲಾರಿ ಒಂದೇ ಸಮನೆ ಹಾರ್ನ್ ಹೊಡೆಯತೊಡಗಿತು. ಮುಂದೆ ಹೋಗಲಿ ಎಂದು ಬದಿ ಕೊಟ್ಟೆ. ಅದು ಮುಂದೆ ಹೋಗದೆ ನಮ್ಮ ಸಮಕ್ಕೆ ಬಂತು. ಡ್ರೈವರ್ ಕಿಟಕಿಯಿಂದ ಕೈ ಹೊರಗೆ ಹಾಕಿ, "ಅಕ್ಕಾರ, ಎಣ್ಣಿ ಸೋರಾಕತ್ತೇತ್ರಿ! ಬಂದ್ ಮಾಡ್ರಿ, ಬಂದ್ ಮಾಡ್ರಿ!" ಎಂದು ಕೂಗಿದ. ನೋಡುತ್ತೇನೆ, ಸ್ಟೇರಿಂಗಿನ ಮುಂದೆ ಎಣ್ಣೆಯ ಕೆಂಪು ದೀಪ ಹತ್ತಿದೆ. ಕಾರನ್ನು ಬದಿಗೆ ತಂದು ತಕ್ಷಣ ಎಂಜಿನ್ ನಿಲ್ಲಿಸಿದೆ.

ಇಳಿದು ಹಿಂದೆ ನೋಡಿದರೆ ರಸ್ತೆಯ ಮೇಲೆ ಉದ್ದಕ್ಕೆ ಕಪ್ಪು ಗೆರೆ. ಇನ್ನೂ ಸ್ವಲ್ಪ ದೂರ ಹೋಗಿದ್ದರೆ ಎಂಜಿನ್ ಕತೆ ಮುಗಿಯುತ್ತಿತ್ತು. ಅದಕ್ಕಿಂತ ನನಗೆ ಹೆಚ್ಚು ಸಂಕಟವಾದದ್ದು ಮಾವನ ಮುಖ ನೋಡಿ. ಅವರು ಮಗನಿಗೆ ಕೊಟ್ಟ ಮಾತು ನನ್ನ ಕಿವಿಯಲ್ಲೇ ಇತ್ತು.

ಲಾರಿ ಡ್ರೈವರ್ ಹಾವೇರಿ ಕಡೆಯವನು. ನಡುವಯಸ್ಸಿನ ಗಟ್ಟಿಮುಟ್ಟಾದ ಮನುಷ್ಯ. ಹಬ್ಬದ ದಿನವೂ ಮನೆ ಸೇರಲು ಆಗದೆ ಬಾಡಿಗೆ ಹಿಡಿದು ಹೊರಟಿದ್ದ. ಸ್ವಲ್ಪ ತಣ್ಣಗಾಗಲಿ ಎಂದು ಕಾದು, ಕೈಗೆ ಗೋಣಿ ಸುತ್ತಿಕೊಂಡು ಕಾರಿನ ಕೆಳಗೆ ತೂರಿ ಫಿಲ್ಟರ್ ತಿರುಗಿಸಿ ತೆಗೆದ. ಆಮೇಲೆ ಮೇಲೆ ಕೈ ಆಡಿಸಿ ಎಂಜಿನ್ನಿಗೆ ಅಂಟಿಕೊಂಡಿದ್ದ ಇನ್ನೊಂದು ರಬ್ಬರ್ ರಿಂಗನ್ನು ಕಿತ್ತು ಹೊರಗೆ ಬಂದ. ಹಳೆಯ ಫಿಲ್ಟರಿನ ರಿಂಗ್ ಅದು. ಫಿಲ್ಟರ್ ಬಂದರೂ ರಿಂಗ್ ಅಲ್ಲೇ ಅಂಟಿಕೊಂಡು ಉಳಿದಿತ್ತು. ಅದರ ಮೇಲೆಯೇ ಹೊಸದು ಕೂತಿತ್ತು. ಎರಡು ರಿಂಗ್ ಒಂದರ ಮೇಲೊಂದು ಕೂತರೆ ವೇಗ ಹೆಚ್ಚಾದಾಗ ಹಿಡಿತ ನಿಲ್ಲುವುದಿಲ್ಲ.

"ಯಾರು ಹಾಕಿದ್ರಿ ಇದನ್ನ?" ಎಂದು ಅವನು ಕೇಳಿದ.

ಗ್ಯಾರೇಜಿನವರು ಎನ್ನಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮಾವ, "ನಾನೇ ಹಾಕಿದ್ದು. ಹಳೇ ರಿಂಗು ನಂಗೆ ಕಾಣ್ಲಿಲ್ಲ," ಎಂದರು. ಕಣ್ಣು ಕಾಣುವುದಿಲ್ಲ ಎಂದು ಅವರ ಬಾಯಿಂದಲೇ ನಾನು ಕೇಳಿದ್ದು ಅದೇ ಮೊದಲು.

ಆ ಮನುಷ್ಯ ನಗಲಿಲ್ಲ, ಬುದ್ಧಿ ಹೇಳಲಿಲ್ಲ. "ಅಜ್ಜಾರ, ನನ್ನ ಕೈಯಾಗೂ ಒಮ್ಮೆ ಹಿಂಗ ಆಗಿತ್ರಿ. ಮಾಲಕನ ಕಡಿಂದ ಭಾಳ ಬೈಸ್ಕೊಂಡೀನಿ," ಎಂದ. ಆಮೇಲೆ ಫಿಲ್ಟರಿನ ಬಾಯಿ ಒರೆಸಿ ಮಾವನ ಕೈಗೇ ಕೊಟ್ಟು, "ಬರ್ರಿ, ನೀವಽ ಕುಂದ್ರಸ್ರಿ. ನಾ ಬ್ಯಾಟರಿ ಹಿಡೀತೀನಿ," ಎಂದ.

ತಾನೇ ಹಾಕಿ ತನ್ನ ದಾರಿ ಹಿಡಿಯಬಹುದಿತ್ತು. ಹಬ್ಬದ ದಿನ, ಅವನಿಗೂ ಹೊತ್ತಾಗಿತ್ತು. ಆದರೂ ತನ್ನ ಟವೆಲ್ ಹಾಸಿ ಮಾವನನ್ನು ಮಲಗಿಸಿ, ಮೊಬೈಲ್ ಬೆಳಕು ಬಿಟ್ಟು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಮಾವ ರಿಂಗಿಗೆ ಎಣ್ಣೆ ಸವರಿ, ಮೇಲೆ ಬೆರಳಾಡಿಸಿ ಆಡಿಸಿ ನೋಡಿ, ಫಿಲ್ಟರ್ ತಿರುಗಿಸಿದರು. ನಮ್ಮ ಡಿಕ್ಕಿಯಲ್ಲಿ ಉಳಿದಿದ್ದ ಎಣ್ಣೆ ಸಾಲಲಿಲ್ಲ. ಅವನು ಲಾರಿಯಿಂದ ತನ್ನ ಕ್ಯಾನ್ ಇಳಿಸಿ, "ಇದು ಡೀಸೆಲ್ ಗಾಡೀದರಿ. ಊರ ಮುಟ್ಟಾಕ ನಡೀತೈತಿ, ಆಮ್ಯಾಲೆ ಬದಲಿ ಮಾಡಿಸ್ರಿ," ಎಂದು ಸುರಿದ. ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು ಮಾವ ಎಳೆದು ನನ್ನ ಕೈಗೆ ಕೊಟ್ಟು, "ನೀನೇ ನೋಡು ತಂಗೀ," ಎಂದರು. ಸರಿಯಾಗಿತ್ತು. ಗಾಡಿ ಶುರು ಮಾಡಿದೆ, ದೀಪ ಆರಿತು. ಮೂವರೂ ಬಗ್ಗಿ ನೋಡುತ್ತ ನಿಂತೆವು. ಒಂದು ಹನಿಯೂ ಬೀಳಲಿಲ್ಲ.

ಏನು ಕೊಡಲು ಹೋದರೂ ಅವನು ತೆಗೆದುಕೊಳ್ಳಲಿಲ್ಲ. "ಇವತ್ತ ಯಾರೂ ಬನ್ನಿ ಕೊಟ್ಟಿಲ್ರಿ ನನಗ. ಇದ್ರ ಅದನ್ನ ಕೊಡ್ರಿ," ಎಂದ. ಸುಂಕಸಾಳಕ್ಕೆ ಒಯ್ಯುತ್ತಿದ್ದ ಎಲೆಗಳಲ್ಲಿ ಒಂದು ಹಿಡಿ ಮಾವ ಕೊಟ್ಟರು. ಅವನು ಅದರಲ್ಲೇ ಎರಡು ಎಲೆ ತಿರುಗಿ ಮಾವನ ಕೈಗಿಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಅಜ್ಜಾರ," ಎಂದು ಕಾಲು ಮುಟ್ಟಿದ. ಅವನ ಹೆಸರು ಕೇಳಲೂ ನಮಗೆ ಹೊಳೆಯಲಿಲ್ಲ. ಇವತ್ತಿಗೂ ಆ ರಸ್ತೆಯಲ್ಲಿ ಲಾರಿ ಎದುರಾದರೆ ನನ್ನ ಕಣ್ಣು ಡ್ರೈವರಿನ ಮುಖ ಹುಡುಕುತ್ತದೆ.

ಸುಂಕಸಾಳದಲ್ಲಿ ಮಾವ ಊಟವನ್ನು ಬರೀ ಕೆದಕಿದರು. ವಾಪಸು ಬರುವಾಗ ನಾನು ಹೇಳಿದೆ: "ಮಾವ, ಇವರಿಗೆ ಹೇಳೋದು ಬೇಡ. ಕಾರು ಸರಿ ಆಯ್ತಲ್ಲ. ನಾಳೆ ನಾನೇ ಆಯಿಲ್ ಬದಲಿ ಮಾಡಿಸಿಕೊಂಡು ಬರ್ತೇನೆ."

ಅವರು ಹೊರಗೆ ನೋಡುತ್ತಲೇ, "ಅವ ನಂಬಿ ಬಿಟ್ಟಾನೆ. ಹೇಳ್ದೇ ಇದ್ರೆ ಆಗೂದಿಲ್ಲ," ಎಂದರು.

ಸಂಜೆ ನಮ್ಮವರು ಬಂದು ಚಪ್ಪಲಿ ಬಿಡುವ ಮೊದಲೇ ಮಾವ ಎಲ್ಲವನ್ನೂ ಹೇಳಿದರು. ಏನನ್ನೂ ಮುಚ್ಚಿಡಲಿಲ್ಲ. ಅತ್ತೆ ದೇವರ ಮುಂದಿನಿಂದ ಎತ್ತಿ ತಂದ ಪಾನಾ ಚೀಲವನ್ನು ಮಾವ ತಾವೇ ಮಗನ ಮುಂದೆ ಇಟ್ಟು, "ಇನ್ನು ನೀ ನೋಡ್ಕೊ," ಎಂದರು. ನಮ್ಮವರು ಹಿಂದಿನ ದಿನದವರೆಗೂ ಗೆಲ್ಲಬೇಕೆಂದಿದ್ದವರು, ಗೆದ್ದ ಮೇಲೆ ಏನು ಮಾಡಬೇಕೆಂದು ತಿಳಿಯದೆ ನಿಂತೇ ಇದ್ದರು.

ಆ ಚಳಿಗಾಲದಲ್ಲಿ ಮಾವ ತಾವಾಗಿಯೇ ಒಪ್ಪಿ ಕಣ್ಣಿನ ಪೊರೆ ತೆಗೆಸಿಕೊಂಡರು. ಆಮೇಲೆ ಅವರ ಕಣ್ಣು ಎಷ್ಟು ಚುರುಕಾಯಿತೆಂದರೆ ಅಕ್ಕಿಯಲ್ಲಿ ನನಗೆ ಕಾಣದ ಕಲ್ಲು ಅವರಿಗೆ ಕಾಣುತ್ತಿತ್ತು. ಮುಂದಿನ ನವಮಿ ಬಂತು. ಬೆಳಿಗ್ಗೆ ನಮ್ಮವರೇ ಕಾರನ್ನು ಚಿರೆಕಲ್ಲಿನ ಮೇಲೆ ಹತ್ತಿಸಿ, ಗೋಣಿ ಹಾಸಿ, ಹೊಸ ಫಿಲ್ಟರ್ ತಂದಿಟ್ಟು ಕರೆದರು: "ಅಪ್ಪಾ, ಬಾ. ಈಗ ನಿಂಗೆ ನನಗಿಂತ ಚಲೋ ಕಾಣ್ತದೆ."

ಮಾವ ಮೆಟ್ಟಿಲ ಮೇಲೆ ನಿಂತು ಗೋಣಿಯನ್ನೂ ಫಿಲ್ಟರನ್ನೂ ನೋಡಿದರು. ಇಳಿದು ಬರುತ್ತಾರೆ ಎಂದುಕೊಂಡೆ. ಅವರ ಕೈ ಅಂಗಿಯ ತೋಳು ಮಡಚಲು ಹೋಗಿತ್ತು ಕೂಡ. ಆದರೆ ಅರ್ಧಕ್ಕೇ ನಿಂತಿತು. "ಇಲ್ಲ ಮಗಾ. ಮುಟ್ಟೂದಿಲ್ಲ ಅಂದೇನಲ," ಎಂದು ನಗುತ್ತಲೇ ಹೂ ಕೊಯ್ಯಲು ಹಿತ್ತಲಿಗೆ ಹೋದರು. ನಮ್ಮವರು "ಅಪ್ಪಾ, ಅದು ಸುಮ್ನೆ ಆಡಿದ ಮಾತು" ಎಂದು ಹಿತ್ತಲವರೆಗೂ ಹಿಂದೆ ಹೋದರು. ಏನೂ ಆಗಲಿಲ್ಲ. ಕೊನೆಗೆ ನಾವಿಬ್ಬರೇ ಸೇರಿ ಫಿಲ್ಟರ್ ಹಾಕಿದೆವು. ನಮ್ಮವರು ಕಾರಿನ ಕೆಳಗಿಂದ ಬಹಳ ಹೊತ್ತು ಎದ್ದು ಬರಲಿಲ್ಲ.

ಮಾವ ಹೋಗಿ ಈಗ ಒಂದು ವರ್ಷವಾಯಿತು. ಕೊಟ್ಟ ಮಾತು ಉಳಿಸಿಕೊಳ್ಳಬೇಕು ಎಂದು ಶಾಲೆಯಲ್ಲಿ ಮಕ್ಕಳಿಗೆ ನಾನೂ ಹೇಳಿಕೊಡುತ್ತೇನೆ, ಹೇಳಿಕೊಡಲೇಬೇಕು. ಆದರೆ ಆ ದಿನ ಅರ್ಧ ಮಡಚಿದ ತೋಳನ್ನು ಪೂರ್ತಿ ಮಡಚಿಕೊಂಡು ಮಾವ ಮೆಟ್ಟಿಲಿಳಿದು ಬಂದಿದ್ದರೆ, ಆ ಒಂದು ಮಾತನ್ನು ಮುರಿದುಬಿಟ್ಟಿದ್ದರೆ, ನಾನು ಅವರನ್ನು ಇನ್ನೂ ಹೆಚ್ಚು ಪ್ರೀತಿಸುತ್ತಿದ್ದೆ ಎಂದು ಈಗಲೂ ಅನ್ನಿಸುತ್ತದೆ.