ಸಂಡೂರು ಕೊಡಲು ಬರಲಿಲ್ಲ

"ತೊಗಲೈತಿ, ದನ ಅಲ್ಲ, ತಿರಗತೈತಿ, ಬೀಸೋ ಕಲ್ಲಲ್ಲ..." ಮುಂದೆ "ಹೊಳಿ ದಾಟತೈತಿ" ಅಂತಿತ್ತೋ, "ಹೊಳಿ ಮ್ಯಾಲ ನಡೀತೈತಿ" ಅಂತಲೋ? ಏಳನೇ ಕ್ಲಾಸಿನ ಮಗಳು ಶಾಲೆಯಿಂದ ತಂದ ಒಗಟಿನ ಹಾಳೆ ನೋಡಿದಾಗಿನಿಂದ ತಡಕಾಡುತ್ತಿದ್ದೇನೆ. ಉತ್ತರ ಮಾತ್ರ ಗೊತ್ತು: ಹರಿಗೋಲು.

ನಾನು ಚಿಕ್ಕವಳಿದ್ದಾಗ ಅಜ್ಜಿ ಅವರೆಕಾಯಿ ಸುಲಿಯುತ್ತ ಇದರ ಕಥೆ ಹೇಳುತ್ತಿದ್ದಳು. ಮದ್ರಾಸ್ ಸರ್ಕಾರದ ಕಾಲದ ಕಂಪ್ಲಿ. ಒಗಟು ಒಡೆಯಲಾಗದವರು ಗೆದ್ದವರಿಗೆ ಬಾಯಿಮಾತಿನಲ್ಲೇ ಒಂದು ಊರು ಕೊಡಬೇಕಿತ್ತು. ಅಜ್ಜಿಯ ಚಿಕ್ಕಪ್ಪನ ಮಗಳು ಗೌರಿ, ತಂದೆ ತೀರಿದ ಹುಡುಗಿ, ಆಗಿನ್ನೂ ಪುಟ್ಟ ಹುಡುಗಿಯಾಗಿದ್ದ ಅಜ್ಜಿಯಿಂದ ಆಗಲೇ ಕಂಪ್ಲಿ, ಹೊಸಪೇಟೆ, ಹಂಪಿ ಗೆದ್ದಿದ್ದಳು. ಪ್ರತಿ ಸಲವೂ ಅಜ್ಜಿಯ ಅಪ್ಪ "ಭಲೇ ಗೌರಿ!" ಎನ್ನುವರು. ಅಜ್ಜಿ ಮೂತಿ ತಿರುಗಿಸಿ ಕೂರುತ್ತಿದ್ದಳಂತೆ.

ಹರಿಗೋಲಿನ ಒಗಟಿಗೂ ಸೋತ ಅಜ್ಜಿ, "ಸಂಡೂರು ಕೊಟ್ಟೆ, ತಗೋ" ಅಂದಳು.

ಅಪ್ಪ ನಕ್ಕರು. "ಅದು ರಾಜರ ಸಂಸ್ಥಾನವ್ವ. ಕಲೆಕ್ಟರಿಗೇ ಕೊಡಾಕ ಬರಂಗಿಲ್ಲ, ನೀ ಹ್ಯಾಂಗ ಕೊಡ್ತಿ?"

"ಊರು ಬ್ಯಾಡ ಬಿಡು," ಎಂದಳು ಗೌರಿ, "ದೊಡ್ಡಪ್ಪನ್ನ ಕೊಡು."

ಅಪ್ಪ ಗೌರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಅಜ್ಜಿ ಅಳುತ್ತ ಬಾಗಿಲಿಗೆ ಓಡಿದಳು. ಮಜ್ಜಿಗೆಗೆ ಬಂದಿದ್ದ ಪಕ್ಕದ ಮನೆಯ ಶಾಂತವ್ವ ಅಲ್ಲೇ ನಿಂತಿದ್ದಳು.

ಹಲ್ಲುದುರಿದ ಮೇಲೂ ಇದನ್ನು ಹೇಳುವಾಗ ಅಜ್ಜಿಯ ದವಡೆ ಬಿಗಿಯುತ್ತಿತ್ತು. ಇವತ್ತು ಈ ಕಥೆ ಕೇಳಿದ ಮಗಳು, "ಕೊನೆಗೆ ಅಪ್ಪನ್ನ ಕೊಟ್ಟಳಾ?" ಎಂದು ಕೇಳಿದಳು. ನನಗೆ ಗೊತ್ತಿಲ್ಲ. ಬಾಗಿಲಲ್ಲಿ ಶಾಂತವ್ವ ಆಡಿದ ಮಾತಿಗೇ ಅಜ್ಜಿ ಕಥೆ ನಿಲ್ಲಿಸುತ್ತಿದ್ದಳು:

"ಅಷ್ಟೊಂದು ಊರು ಕೊಟ್ಟಾಕಿ, ಅಪ್ಪನ್ನ ಸಂಜಿಮಟ ಕೊಟ್ರ ಏನ್ ಹೋಗ್ತೈತವ್ವ? ದೀಪ ಹಚ್ಚೋ ಹೊತ್ತಿಗೆ ಅಕಿ ತನ್ನ ಮನೀಗೆ ಹೋಗಾಕಿನ."