ಮಾತು ಬಿಟ್ಟ ಮನೆಯ ಫಾಗ್ ಲೈಟು

ನಾನೂ ನನ್ನ ಗಂಡನೂ ಮಾತು ಬಿಟ್ಟಿದ್ದ ದಿನಗಳಲ್ಲೇ ಇವರು ನನ್ನ ಪಿಕಪ್‌ಗೆ ಹೊಸ ಫಾಗ್ ಲೈಟು ಹಾಕಿದ್ದು. ‘ಇವರು’ ಎಂದು ಈಗಲೂ ಬರೆಯುತ್ತಿದ್ದೇನೆ, ಅಭ್ಯಾಸಬಲ. ಆಗ ಮನಸ್ಸಿನಲ್ಲಿ ಕರೆಯುತ್ತಿದ್ದ ಹೆಸರು ಅಚ್ಚಿಗೆ ಹೋಗುವಂಥದ್ದಲ್ಲ.

ಡಚ್ಚರ ನಾಡಿನ ಎನ್ಸ್‌ಕೆಡೆ ಎಂಬ ಊರಿನ ಅಂಚಿನಲ್ಲಿ ನಮ್ಮ ಮನೆ. ಕೊರೋನಾದ ಮೊದಲ ವರ್ಷ, ಎಲೆ ಉದುರುವ ಕಾಲ. ಮನೆಯಲ್ಲಿ ನಾವಿಬ್ಬರು, ಜೊತೆಗೆ ಉಡುಪಿಯಿಂದ ಮಗನನ್ನು ನೋಡಲು ಬಂದು ಸಿಕ್ಕಿಬಿದ್ದ ಅತ್ತೆ. ವಿಮಾನ ಮತ್ತೆ ಶುರುವಾದ ಮೇಲೂ ಅವರು ಹತ್ತಲಿಲ್ಲ. ಒಳಗೆ ಅಷ್ಟು ಜನರ ಉಸಿರು ಇರುತ್ತದೆ ಎನ್ನುವುದು ಅವರ ವಾದ. ಸಕ್ಕರೆ ಕಾಯಿಲೆಯವರು, ಹೆದರಿಕೆ ಸುಳ್ಳಲ್ಲ. ಆದರೆ ಅಷ್ಟೂ ಹೆದರಿಕೆ ಬಂದು ಕೂತದ್ದು ನನ್ನ ತಲೆಯ ಮೇಲೆ. ಇವರು ಮಹಡಿಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ಕೆಲಸ ಮಾಡುತ್ತಿದ್ದರು. ದಿನಾ ಹೊರಗೆ ಹೋಗಿ ಬರುತ್ತಿದ್ದವಳು ನಾನೊಬ್ಬಳೇ.

ನನ್ನದು ಮಣ್ಣಿನ ಕೆಲಸ. ರೈತರ ಹೊಲಗಳಲ್ಲಿ ನೆಲ ಕೊರೆದು ಮಣ್ಣಿನ ಮಾದರಿ ತಂದು ಪ್ರಯೋಗಾಲಯಕ್ಕೆ ಕೊಡಬೇಕು. ಆ ಕೆಲಸಕ್ಕಾಗಿ ಡಚ್ ಕಲಿತಿದ್ದೆ, ಕೆಸರಿನಲ್ಲಿ ಜಾರಿ ಬಿದ್ದು ಎದ್ದಿದ್ದೆ. ಮೊದಲು ಕಂಪನಿಯ ವ್ಯಾನಿನಲ್ಲಿ ಸಹೋದ್ಯೋಗಿಯ ಜೊತೆ ಹೋಗುತ್ತಿದ್ದೆ. ಒಂದು ಗಾಡಿಗೆ ಒಬ್ಬರೇ ಎಂಬ ನಿಯಮ ಬಂದ ಮೇಲೆ ಈ ಹಳೇ ಪಿಕಪ್ ಕೊಂಡೆ. ಎಂಜಿನ್ ಗಟ್ಟಿಮುಟ್ಟಾಗಿತ್ತು. ಮಂಜಿಗೆಂದು ಬಂಪರಿನಲ್ಲಿರುವ ಫಾಗ್ ಲೈಟು ಮಾತ್ರ ಗಾಜು ಮಂಕಾಗಿ ಇದ್ದೂ ಇಲ್ಲದಂತಿದ್ದವು. ಒಂದು ಬೆಳಿಗ್ಗೆ ಮಂಜಿನಲ್ಲಿ ಸೈಕಲ್ ಸವಾರನೊಬ್ಬ ಇನ್ನೇನು ಬಂಪರಿಗೆ ತಾಗಬೇಕು ಎನ್ನುವಾಗ ಕಣ್ಣಿಗೆ ಬಿದ್ದ. ಅವನು ನಿಂತು ಬೈದದ್ದರಲ್ಲಿ ಒಂದು ಮಾತೂ ಹೆಚ್ಚಾಗಿರಲಿಲ್ಲ.

ಮನೆಗೆ ಬಂದು ಅದನ್ನು ಹೇಳಿದೆ. ಹೇಳಬಾರದಿತ್ತು.

“ಹಾಗಾದ್ರೆ ಕೆಲಸ ಬಿಡು,” ಎಂದರು ಇವರು, ಪರದೆಯಿಂದ ಕಣ್ಣೆತ್ತದೆ. “ಅಮ್ಮನಿಗೂ ಟೆನ್ಶನ್, ನಂಗೂ ಟೆನ್ಶನ್.”

ದೊಡ್ಡ ಜಗಳವಾಯಿತು. ಕೊನೆಗೆ ಊಟದ ಮೇಜಿನಲ್ಲಿ ಅತ್ತೆಯ ಎದುರೇ ಇವರು ತೀರ್ಮಾನ ಕೊಟ್ಟರು. “ಹೊಸ ಫಾಗ್ ಲೈಟ್ ನಾನೇ ಹಾಕಿ ಕೊಡ್ತೇನೆ. ಆಮೇಲೆ ಆ ರೋಡಿನ ಬಗ್ಗೆ ಇನ್ನೊಂದು ಕಂಪ್ಲೇಂಟ್ ಬಂದ್ರೆ ನೀನು ಕೆಲಸ ಬಿಡ್ಬೇಕು.” ನಾನೂ ಹಠಕ್ಕೆ ಬಿದ್ದು ಹೂಂ ಅಂದೆ. ಅಲ್ಲಿಗೆ ನಮ್ಮ ಮಾತು ನಿಂತಿತು. ಗ್ಯಾರೇಜಿಗೆ ಕೊಡಲು ಅತ್ತೆ ಬಿಡಲಿಲ್ಲ. ಯಾರ್ಯಾರೋ ಒಳಗೆ ಕೂತು ಕೆಮ್ಮಿದ ಗಾಡಿ ಮನೆ ಮುಂದೆ ನಿಲ್ಲಬಾರದಂತೆ.

ಮಾತು ಬಿಡುವುದೆಂದರೆ ನಮ್ಮ ಕಡೆ ಸುಮ್ಮನಿರುವುದಲ್ಲ. ಮಾತು ನಡೆಯುತ್ತಲೇ ಇರುತ್ತದೆ, ಮೂರನೆಯವರ ಬಾಯಿಂದ. “ಅಮ್ಮ, ಅವಳಿಗೆ ಹೇಳು, ಪಾರ್ಸೆಲ್ ಬಂದಿದೆ.” “ಅತ್ತೆ, ನಿಮ್ಮ ಮಗನಿಗೆ ಹೇಳಿ, ಅನ್ನ ತಣಿತಾ ಉಂಟು.” ಮೂವರೂ ಒಂದೇ ಮೇಜಿನಲ್ಲಿ ಕೂತು ಹೀಗೆ ಹೇಳಿ ಕಳಿಸುತ್ತಿದ್ದೆವು. ನನ್ನ ಅಜ್ಜ ಅಜ್ಜಿ ವರ್ಷಗಟ್ಟಲೆ ಹೀಗೇ ಸಂಸಾರ ಮಾಡಿದವರು, ನನಗೆ ಇದೇನೂ ಹೊಸದಲ್ಲ. ಅತ್ತೆಗೂ ಈ ಕೆಲಸ ಬೇಸರ ತಂದಂತೆ ಕಾಣಲಿಲ್ಲ. ಅವರಿಲ್ಲದೆ ಮನೆಯಲ್ಲಿ ಎಲೆ ಅಲುಗುತ್ತಿರಲಿಲ್ಲ.

ಶನಿವಾರ ಇವರು ಕೆಲಸಕ್ಕಿಳಿದರು. ಬ್ಯಾಟರಿಯ ವೈರು ಕಳಚಿ, ಬಂಪರಿನ ಕೆಳಗಿನ ಪ್ಲಾಸ್ಟಿಕ್ ಬಿಚ್ಚಿ, ಫೋನಿನಲ್ಲಿ ವಿಡಿಯೋ ಹಾಕಿಕೊಂಡು ಒದ್ದೆ ನೆಲದಲ್ಲಿ ಮಲಗಿದರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಸ್ಕ್ರೂ ಕೈಜಾರಿ ಎದೆಯ ಮೇಲೆ ಬಿದ್ದಾಗಲೆಲ್ಲ ನನಗೆ ಖುಷಿಯಾಯಿತು, ಬಚ್ಚಿಡುವುದೇನು. ಆದರೂ ಕೈ ಅಚ್ಚುಕಟ್ಟಾಗಿತ್ತು. ಹೊಸ ದೀಪ ಕೂರಿಸಿದರು, ಕರೆಂಟಿನ ರಿಲೇ ಹಾಕಿದರು, ವೈರನ್ನು ಎಲ್ಲಿಯೂ ಉಜ್ಜದಂತೆ ಕಟ್ಟಿ ಸ್ವಿಚ್‌ವರೆಗೆ ತಂದರು. ಆಮೇಲೆ ದೀಪ ಹೊತ್ತಿಸಿ, ಎದುರಿನ ಗೋಡೆಗೆ ಟೇಪು ಅಂಟಿಸಿ, ಬೆಳಕು ಅದರ ಕೆಳಗೆ ಬೀಳುವಂತೆ ತಿರುಗಿಸತೊಡಗಿದರು.

ಆಗಲೇ ನನಗೆ ಹೊಳೆದದ್ದು. ಈಗ ಗಾಡಿ ಖಾಲಿ. ಸೋಮವಾರ ಹಿಂದೆ ನೆಲ ಕೊರೆಯುವ ಮೆಷಿನ್ನೂ ನೀರಿನ ಟ್ಯಾಂಕೂ ಏರುತ್ತವೆ. ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ, ಬೆಳಕೂ ಮೇಲೇಳುತ್ತದೆ. ಬಾಗಿಲು ತೆರೆದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನಾನೇಕೆ ಮೊದಲು ಸೋಲಬೇಕು?

“ಅತ್ತೆ, ಅವರಿಗೆ ಹೇಳಿ. ಸೋಮವಾರ ಹಿಂದೆ ಲೋಡ್ ಇರ್ತದೆ, ಮೂತಿ ಮೇಲೆ ಹೋಗ್ತದೆ. ಲೈಟ್ ಇನ್ನೂ ಕೆಳಗೆ ಮಾಡ್ಬೇಕಂತೆ ಅಂತ.”

ಅತ್ತೆ ಶಾಲು ಹೊದ್ದುಕೊಂಡು ಹೊರಗೆ ಹೋದರು. ಬಗ್ಗಿ ಏನೋ ಹೇಳಿದರು. ಇವರು ತಲೆಯಾಡಿಸಿದ್ದು ಗಾಜಿನಾಚೆ ಕಂಡಿತು. “ಹೇಳಿದೆ, ಆಯ್ತಂತೆ,” ಎನ್ನುತ್ತಾ ಒಳಬಂದು ಹಾಲು ಬಿಸಿಗಿಟ್ಟರು.

ಸೋಮವಾರ ಬೆಳಿಗ್ಗೆ ಕಂಪನಿಯ ಶೆಡ್ಡಿನಲ್ಲಿ ಮೆಷಿನ್ ಹೇರಿಸಿಕೊಂಡು ಹೊರಟೆ. ಊರು ದಾಟಿದ್ದೇ ಮಂಜು ದಟ್ಟವಾಯಿತು. ಹೊಸ ದೀಪ ಹಾಕಿದೆ. ರಸ್ತೆ ಕಾಣುವುದರ ಬದಲು ಕಣ್ಣೆದುರು ಬಿಳಿ ಪಂಚೆ ಇಳಿಬಿಟ್ಟಂತಾಯಿತು. ಬೆಳಕೆಲ್ಲ ಮೇಲೆ ಹೋಗಿ ಮಂಜಿಗೆ ಬಡಿದು ನನ್ನ ಕಣ್ಣಿಗೇ ವಾಪಸು. ಬ್ರೇಕ್ ಒತ್ತುವಷ್ಟರಲ್ಲಿ ಬಲಗಡೆಯ ಚಕ್ರ ಹುಲ್ಲಿಗೆ ಇಳಿದಿತ್ತು. ಇಳಿದು ಆಚೆ ಬದಿಗೆ ಹೋಗಿ ನೋಡಿದೆ. ಚಕ್ರದ ಪಕ್ಕದಲ್ಲೇ ಕಾಲುವೆ, ತುಂಬ ನೀರು. ಫಾಗ್ ಲೈಟು ಆರಿಸಿ, ಹೆಡ್‌ಲೈಟಿನಲ್ಲೇ ತೆವಳುತ್ತಾ ಮನೆಗೆ ತಿರುಗಿಸಿದೆ.

ಇಬ್ಬರೂ ಕಾಫಿ ಕುಡಿಯುತ್ತಿದ್ದರು. ಬೂಟು ಬಿಚ್ಚದೆ ಒಳಗೆ ಹೋದೆ.

“ಅತ್ತೆ, ನಿಮ್ಮ ಮಗನ ಹತ್ರ ಕೇಳಿ. ಲೋಡಿನ ವಿಷಯ ಹೇಳಿ ಕಳಿಸಿದ್ದೆ. ಯಾಕೆ ಕೆಳಗೆ ಮಾಡ್ಲಿಲ್ಲ? ನಾನೀಗ ಕಾಲುವೆಗೆ ಬೀಳ್ತಿದ್ದೆ.”

“ಎಂಥ ಲೋಡ್?” ಇವರು ತಾಯಿಯ ಕಡೆ ನೋಡಿದರು. “ನೀನು ಬಂದು ಕಾಫಿ ಬೇಕಾ ಅಂತ ಕೇಳಿದ್ದಲ್ವಾ?”

ಅತ್ತೆ ಲೋಟ ಕೆಳಗಿಟ್ಟರು. ಮುಖದಲ್ಲಿ ಅಳುಕಿರಲಿಲ್ಲ.

“ನಾನು ಹೇಳ್ಲಿಲ್ಲ. ಹೇಳಿದ್ರೆ ಅವ ಸರಿ ಮಾಡ್ತಿದ್ದ, ನೀನು ಹೋಗ್ತಿದ್ದಿ. ದಿನಾ ಯಾರ್ಯಾರದ್ದೋ ಜಾಗಕ್ಕೆ ಹೋಗಿ ಬರ್ತಿ. ಇಲ್ಲಿ ಸಾಯ್ಲಿಕ್ಕೆ ನಂಗೆ ಮನಸ್ಸಿಲ್ಲ ಮಾರಾಯ್ತಿ.”

“ನಾನು ಸತ್ತಿದ್ರೆ?”

“ಕಾಣದಿದ್ರೆ ನೀನು ವಾಪಸ್ ಬರ್ತಿ ಅಂತ ಮಾಡಿದ್ದೆ. ಬಂದಿಯಲ್ಲ.”

ನಾನು ಇವರ ಕಡೆ ತಿರುಗಿದೆ. ಈಗಾದರೂ ನನ್ನ ಮುಖ ನೋಡಿ ಏನಾದರೂ ಹೇಳುತ್ತಾರೆ ಎಂದುಕೊಂಡಿದ್ದೆ. ತಾಯಿಗೆ ಬೈಯಲಿ ಎಂದಲ್ಲ. ಪೆಟ್ಟಾಯಿತಾ ಎಂದು ಕೇಳಿದ್ದರೆ ಸಾಕಿತ್ತು. ಇವರು ತಾಯಿಯ ಕಡೆಗೇ ತಿರುಗಿದರು.

“ಅಮ್ಮ,” ಎಂದರು, “ಅವಳಿಗೆ ನೆನಪು ಮಾಡು. ಇನ್ನೊಂದು ಕಂಪ್ಲೇಂಟ್ ಬಂದ್ರೆ ಕೆಲಸ ಬಿಡ್ತೇನೆ ಅಂತ ಒಪ್ಪಿದ್ದಾಳೆ.”

“ನಾನು ಬಿಡುದಿಲ್ಲ,” ಎಂದೆ, ನೇರ ಇವರ ಮುಖಕ್ಕೇ.

ಡ್ರಾಯರಿನಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಹೊರಗೆ ಬಂದೆ. ಮೆಷಿನ್ ಇನ್ನೂ ಹಿಂದೆಯೇ ಇತ್ತು. ಒದ್ದೆ ನೆಲದಲ್ಲಿ ಮೊಣಕಾಲೂರಿ ಎರಡೂ ದೀಪಗಳನ್ನು ಗೋಡೆಯ ಟೇಪಿನ ಕೆಳಗೆ ಇಳಿಸಿದೆ. ಯಾರೂ ಹೊರಗೆ ಬರಲಿಲ್ಲ. ಮತ್ತೆ ಅದೇ ರಸ್ತೆ ಹಿಡಿದೆ. ಈ ಸಲ ಬೆಳಕು ನೆಲಕ್ಕೆ ಅಂಟಿಕೊಂಡು ಬಿತ್ತು. ಬಿಳಿ ಗೆರೆ, ಹುಲ್ಲು, ನೀರಿನ ಅಂಚು ಎಲ್ಲ ಕಂಡವು.

ಅತ್ತೆಯ ಮೇಲಿನ ಸಿಟ್ಟು ಕಾಲಕ್ರಮೇಣ ಇಳಿಯಿತು. ಅವರಿಗೆ ಜೀವದ ಭಯವಿತ್ತು, ಅದನ್ನು ಬಾಯಿಬಿಟ್ಟು ಹೇಳಿದರು. ಇವರನ್ನು ಕ್ಷಮಿಸಲು ಮಾತ್ರ ನನ್ನಿಂದ ಇವತ್ತಿಗೂ ಆಗಿಲ್ಲ. ನಾನು ಜೀವಂತ ಮನೆಗೆ ಬಂದೆ. ಇವರು ಅದನ್ನು ಕಂಪ್ಲೇಂಟ್ ಎಂದು ಲೆಕ್ಕ ಹಾಕಿದರು.