ಪ್ರೀಮಾ ಬಿಡಿಸಿದ ಪಟ್ಟೆ ಮೀನು

ಆಗೆಲ್ಲ ನಮ್ಮ ಮನೆಯಲ್ಲಿ ಭಾನುವಾರವೆಂದರೆ ಅಪ್ಪ ಮಲಗುವ ದಿನ. ವಾರವಿಡೀ ಹೀಥ್ರೋ ಏರ್‌ಪೋರ್ಟಿನ ಕಾರ್ಗೋ ಶೆಡ್ಡಿನಲ್ಲಿ ರಾತ್ರಿ ಪಾಳಿ ಮಾಡಿದವನು ಪರದೆ ಎಳೆದುಕೊಂಡು ಮಧ್ಯಾಹ್ನದ ತನಕ ಗೊರಕೆ ಹೊಡೆಯುತ್ತಿದ್ದ. ಹೌನ್ಸ್ಲೋದ ಆ ಪುಟ್ಟ ಮನೆಯಲ್ಲಿ ಅವ್ವ ಒಗ್ಗರಣೆ ಹಾಕುವಾಗಲೂ ಅಡುಗೆಮನೆಯ ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು. ಅಂಥ ಅಪ್ಪ, ನನಗೆ ಹತ್ತು ವರ್ಷವಾಗಿದ್ದಾಗಿನ ಬೇಸಿಗೆಯಲ್ಲಿ, ಒಂದು ಭಾನುವಾರ ಎದ್ದು ಬೂಟು ಹಾಕಿಕೊಂಡು ಮೀನು ಹಿಡಿಯುವವರ ಜೊತೆ ಹೊರಟ. ನಾವು ಧಾರವಾಡದ ಲಿಂಗಾಯತರು. ಮೊಟ್ಟೆಯನ್ನೂ ಮನೆಯೊಳಗೆ ಬಿಟ್ಟುಕೊಂಡವರಲ್ಲ.

"ಕೊರಳಾಗ ಲಿಂಗ ಕಟ್ಟಿಕೊಂಡು ಮೀನ ಹಿಡ್ಯಾಕ ಹೊಂಟೀರೇನು?" ಎಂದಳು ಅವ್ವ.

"ಹಿಡದು ಮತ್ತ ನೀರಿಗೇ ಬಿಡ್ತಾರ. ಈ ದೇಶದಾಗ ಕೆರಿ ಮೀನ ಯಾರೂ ತಿನ್ನಂಗಿಲ್ಲ. ನಾ ಬರೇ ನೋಡಾಕ ಹೊಂಟೇನಿ."

"ಮತ್ತ ಗಾಳಕ್ಕ ಚುಚ್ಚೋ ಹುಳ? ಅದಕ್ಕ ಜೀವ ಇಲ್ಲೇನು?"

ಅಪ್ಪ ಬಾಗಿಲು ಎಳೆದುಕೊಂಡು ಹೋದ.

ಕರೆದುಕೊಂಡು ಹೋದವರು ಪಕ್ಕದ ಮನೆಯ ಲಾರೆನ್ಸ್ ಅಂಕಲ್. ಉಡುಪಿ ಕಡೆಯ ಕ್ರೈಸ್ತರು, ಅಪ್ಪನ ಶೆಡ್ಡಿನಲ್ಲೇ ಕೆಲಸ. ಬೆಳಗಿನ ಪೂಜೆಗೆ ಇಗರ್ಜಿಗೆ ಹೋಗಿ ಬಂದವರೇ ಗಾಳದ ಕೋಲು ಕಾರಿಗೆ ಹಾಕುತ್ತಿದ್ದರು. ಮೊದಲ ಸಲ ಅವರು ಹೋದಾಗ ಆಂಟಿ ಪಾಪ ಮಸಾಲೆ ಅರೆದಿಟ್ಟುಕೊಂಡು ಕಾದರಂತೆ. ಗಂಡ ಬರಿಗೈಯಲ್ಲಿ ಬಂದದ್ದು ನೋಡಿ, "ಬಿಡುವುದಕ್ಕೆ ಯಾಕೆ ಹಿಡಿಯುವುದು ಮಾರಾಯ್ರೆ?" ಎಂದು, ಅಂಗಡಿಯ ಬಂಗುಡೆ ಮೀನಿಗೆ ಆ ಮಸಾಲೆ ಹಚ್ಚಿದರಂತೆ.

ಅವರ ಮಗಳು ಪ್ರೀಮಾ. ನನ್ನದೇ ವಯಸ್ಸು. ಅವಳು ಬರುವವರೆಗೆ ನನ್ನ ಬಾಳು ಚೆನ್ನಾಗಿಯೇ ಇತ್ತು. ಮನೆಯಲ್ಲಿ ಕೊಂಕಣಿ ಮಾತಾಡಿದರೂ ಉಡುಪಿಯ ಕನ್ನಡ ಶಾಲೆಯಲ್ಲಿ ಓದಿ ಬಂದವಳು, ಹಾಗಾಗಿ ಅಪ್ಪನ ಜೊತೆ ಪಟಪಟ ಕನ್ನಡ ಆಡುತ್ತಿದ್ದಳು. ನಾನು ಎಲ್ಲ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಜಾತಿ. ಅಪ್ಪನ ಇಂಗ್ಲಿಷು ಶೆಡ್ಡಿನ ಮೇಸ್ತ್ರಿಗಷ್ಟೇ ಸಾಕಾಗುತ್ತಿತ್ತು. ನಮ್ಮಿಬ್ಬರ ಮಾತು 'ಉಂಡ್ಯಾ?' ಎನ್ನುವಲ್ಲಿಗೆ ಮುಗಿಯುತ್ತಿತ್ತು.

ಮೊದಲ ವಾರ ಕರೆದಾಗ ನಾನು ಮೂಗು ಮುರಿದೆ. ಆದರೆ ಅಪ್ಪ ಬಿಸಿಲಿಗೆ ಕೆಂಪಾದ ಮುಖ ಹೊತ್ತು ಬಂದು, ರೊಟ್ಟಿ ಮುರಿಯುತ್ತ, "ಪ್ರೀಮಾ ಹಿಂಗಂದ್ಲು, ಪ್ರೀಮಾ ಹಂಗಂದ್ಲು" ಎಂದು ಅವ್ವನಿಗೆ ಹೇಳತೊಡಗಿದ. ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಕಾರಿನಲ್ಲಿ ಕೂತಿದ್ದೆ.

ಏರ್‌ಪೋರ್ಟಿನ ಆಚೆ, ಜಲ್ಲಿ ತೆಗೆದ ಗುಂಡಿಯಲ್ಲಿ ನೀರು ನಿಂತು ಆದ ಕೆರೆ ಅದು. ದಂಡೆಯಲ್ಲಿ ಹಸಿ ಕೆಸರಿನ, ಪುದೀನದಂಥ ಯಾವುದೋ ಕಾಡುಗಿಡದ ವಾಸನೆ. ಎರೆಹುಳ ನಮ್ಮ ಹಿತ್ತಲಿನವೇ, ಅವ್ವನ ಮೆಂತ್ಯದ ಮಡಿಯಲ್ಲಿ ಪ್ರೀಮಾ ಅಗೆದು ಐಸ್‌ಕ್ರೀಮ್ ಡಬ್ಬಿಯಲ್ಲಿ ತುಂಬಿಕೊಂಡಿದ್ದಳು. ಜೀವಂತ ಹುಳವನ್ನು ಅವಳು ಗಾಳಕ್ಕೆ ಪೋಣಿಸುತ್ತಿದ್ದ ರೀತಿ ನೋಡಿದರೆ ಮಲ್ಲಿಗೆ ಕಟ್ಟುತ್ತಿದ್ದಾಳೆ ಅನ್ನಬೇಕು. ನೀರಿನ ಮೇಲೆ ದಾರಕ್ಕೆ ಕಟ್ಟಿದ ಕೆಂಪು ಬೆಂಡು ಕುಣಿಯಿತು, ಮುಳುಗಿತು, ಅವಳು ಕೋಲು ಎತ್ತಿದಳು. ಹಸಿರು ಮೈಮೇಲೆ ಕಪ್ಪು ಪಟ್ಟೆ, ಕೆಂಪು ರೆಕ್ಕೆ.

"ಹುಲಿವೇಷ ಹಾಕಿದ ಹಾಗೆ ಉಂಟು ನೋಡಿ," ಎಂದರು ಲಾರೆನ್ಸ್ ಅಂಕಲ್. ಪರ್ಚ್ ಎಂಬ ಮೀನು ಅದು.

ನಾನು ನೋಡಿದ್ದು ಮೀನನ್ನಲ್ಲ. ಬಲೆ ಹಿಡಿದು ನೀರಿಗೆ ಬಗ್ಗಿದ್ದ ಅಪ್ಪನನ್ನು. "ಬಿಡಬ್ಯಾಡವ್ವಾ, ಹಂಗ ಹಿಡಿಯವ್ವಾ," ಎನ್ನುತ್ತಿದ್ದ. ನಮ್ಮ ಕಡೆ ಮುದ್ದು ಬಂದಾಗ ಮಗಳನ್ನು ಅವ್ವಾ ಅನ್ನುತ್ತಾರೆ. ನನ್ನನ್ನು ಹಾಗೆ ಕರೆದು ಎಷ್ಟೋ ಕಾಲವಾಗಿತ್ತು. ಆ ಶಬ್ದವನ್ನು ಅವಳಿಂದ ಕಿತ್ತುಕೊಳ್ಳುವಂತಿದ್ದರೆ ಕಿತ್ತುಕೊಳ್ಳುತ್ತಿದ್ದೆ. ಆದರೆ ಅದು ಇದ್ದದ್ದು ಅಪ್ಪನ ಬಾಯಲ್ಲಿ.

ಬೆಂಡು ಸುಮ್ಮನಿದ್ದಾಗ ಅಪ್ಪ ಅವಳಿಗೆ ಊರಿನ ಕಥೆ ಹೇಳುತ್ತಿದ್ದ. ತಾನು ಸಣ್ಣವನಿದ್ದಾಗಿನವು. ನಾನು ಮುಖ ಊದಿಸಿಕೊಂಡು ದೂರ ಕೂತಿದ್ದೆ, ತಲೆಯ ಮೇಲೆ ಒಂದರ ಹಿಂದೊಂದು ವಿಮಾನ. ಅದರ ಸದ್ದು ದಾಟುವಷ್ಟರಲ್ಲಿ ಅರ್ಧ ಕಥೆ ಹೋಗಿರುತ್ತಿತ್ತು, ಅವರಿಬ್ಬರೂ ನಗುತ್ತಿರುತ್ತಿದ್ದರು.

"ಐ ವಾಂಟ್ ಎ ಗೋ," ಎಂದೆ ಕೊನೆಗೆ, ನನಗೂ ಒಮ್ಮೆ ಕೋಲು ಹಿಡಿಯಬೇಕಿತ್ತು.

ಕೋಲು ಹಿಡಿದವರೇ ಹುಳ ಚುಚ್ಚಬೇಕು, ಅದು ಲಾರೆನ್ಸ್ ಅಂಕಲ್‌ರ ಕಟ್ಟಳೆ. ಡಬ್ಬಿಯಲ್ಲಿ ಕೈ ಇಟ್ಟೆ, ಹುಳ ಬೆರಳಿಗೆ ಸುತ್ತಿಕೊಂಡಿತು, ಕಿರುಚಿ ಕೊಡವಿದೆ.

"ನಾನು ಹಾಕಿ ಕೊಡ್ಲಾ?" ಎಂದಳು ಪ್ರೀಮಾ.

"ನೋ!" ಎಂದೆ.

ಆಗ ಅಪ್ಪ ಎದ್ದು ಬಂದ. ಅಂಗಿಯ ಗುಂಡಿ ಕತ್ತಿನ ತನಕ ಹಾಕಿ ಲಿಂಗ ಮರೆಮಾಡಿಕೊಂಡ. "ಶಿವನ, ತಪ್ಪಾತು," ಎಂದು ಕಣ್ಣು ಅರ್ಧ ಮುಚ್ಚಿ, ಹುಳವನ್ನು ಗಾಳಕ್ಕೆ ಚುಚ್ಚಿದ. ಅದು ನನಗಾಗಿ ಮಾಡಿದ್ದು, ಪ್ರೀಮಾಳಿಗಾಗಿ ಅಲ್ಲ. ಪ್ರಪಂಚವೇ ನನ್ನದೆನಿಸಿತು.

ಮೀನೂ ಬಿತ್ತು. ಅವಳದಕ್ಕಿಂತ ದೊಡ್ಡದು. ಅಪ್ಪ ಬಲೆಯೊಡ್ಡಿದ, ಬೆನ್ನಿನ ಮುಳ್ಳು ಸೆಟೆಸಿ ಅದು ಒದ್ದಾಡಿತು. ಬಾಯಿಂದ ಗಾಳ ಬಿಡಿಸಬೇಕು. ನನಗೂ ಬರದು, ಅಪ್ಪನಿಗೂ ಬರದು.

"ಪ್ರೀಮಾ, ಲಗೂ ಬಾರವ್ವಾ, ಜೀವ ಹೊಕ್ಕೈತಿ," ಎಂದು ಅಪ್ಪ ಕೂಗಿದ.

ಅವಳು ಬಂದಳು, ಒಂದೇ ಸಲಕ್ಕೆ ಬಿಡಿಸಿದಳು, ನೀರಿಗೆ ಬಿಟ್ಟಳು. ನನ್ನ ಮೀನನ್ನು ನಾನು ಕಣ್ತುಂಬ ನೋಡುವ ಮೊದಲೇ ಅದು ಹೋಯಿತು. ಅಪ್ಪ ಅವಳ ತಲೆ ಸವರಿ, "ಶಾಣ್ಯಾಕಿ," ಎಂದ.

ಚಳಿ ಶುರುವಾಗುವ ಹೊತ್ತಿಗೆ ಪ್ರೀಮಾಳ ಮನೆಯವರು ನಗರದ ಇನ್ನೊಂದು ತುದಿಯ ಇಲ್ಫರ್ಡಿನಲ್ಲಿ ಮನೆ ಕೊಂಡು ಹೋದರು. ಖುಷಿಯಿಂದ ಕೈ ಬೀಸಿದವಳು ನಾನೊಬ್ಬಳೇ. ಅಪ್ಪ ಮತ್ತೆ ಭಾನುವಾರ ಮಲಗತೊಡಗಿದ. ಆಮೇಲೆ ನಾನು ಹಟಕ್ಕೆ ಬಿದ್ದು ಕನ್ನಡ ಕಲಿತೆ, ಓದು ಬರಹ ಎಲ್ಲ, ಅದೂ ಅವಳ ಮೇಲಿನ ಉರಿಗೇ. ಆದರೆ ನಾನು ಊರಿನ ಮಾತೆತ್ತುವ ಹೊತ್ತಿಗೆ ಅಪ್ಪನ ಉಮೇದು ಇಳಿದಿತ್ತು. "ಅದೆಲ್ಲಾ ಈಗ್ಯಾಕ ಬಿಡು," ಎನ್ನುತ್ತಿದ್ದ. ಹಾಗೆನ್ನುತ್ತಲೇ ಒಂದು ದಿನ ಹೋಗಿಬಿಟ್ಟ. ಆ ಕೆರೆಗೆ ಈಗ ಬೇಲಿ ಬಿದ್ದಿದೆಯಂತೆ. ಬೀಳಲಿ, ಅದರ ಚಿಂತೆ ನನಗಿಲ್ಲ.

ಮೊನ್ನೆ ನನ್ನ ಮಗ, ಈಗ ಹತ್ತು ವರ್ಷ, ಕೇಳಿದ: ಅಜ್ಜ ನನ್ನಷ್ಟಿದ್ದಾಗ ಏನು ಮಾಡುತ್ತಿದ್ದ? ನನ್ನ ಹತ್ತಿರ ಇದ್ದದ್ದು ವಿಮಾನಗಳ ಸದ್ದಿನ ನಡುವೆ ಕಿವಿಗೆ ಬಿದ್ದ ತುಣುಕುಗಳಷ್ಟೇ. ಅವ್ವನೂ ನನ್ನ ಮುಖ ನೋಡಿದಳು, ಅವಳಿಗೂ ಗೊತ್ತಿರಲಿಲ್ಲ. ಹೊಟ್ಟೆಕಿಚ್ಚು ಇನ್ನೂ ಅಷ್ಟೇ ಇದೆ, ಎಳ್ಳಷ್ಟೂ ಕಡಿಮೆಯಾಗಿಲ್ಲ. ಅವ್ವ ಬರೆದಿಟ್ಟುಕೊಂಡಿದ್ದ ಪ್ರೀಮಾಳ ನಂಬರು ಒತ್ತಿ ಫೋನನ್ನು ಮಗನ ಕೈಗೆ ಕೊಟ್ಟು, ಕೇಳಿಸುವಷ್ಟು ಹತ್ತಿರ ಕೂತೆ.